ಬೆಟ್ಟದ ಸರೋವರಕ್ಕೆ ಧುಮುಕುವ ಮುನ್ನ

ಮಾನ್ಯ ಸಂಪಾದಕರೇ,

ಶನಿವಾರ ನಸುಕಿನಲ್ಲೇ ಬೆನ್ನಿಗೆ ಚೀಲವೇರಿಸಿ ಬೆಟ್ಟದ ಮೇಲಿನ ಸರೋವರಕ್ಕೆ ನಡೆದು, ಅಲ್ಲಿ ಈಜಿ, ರಾತ್ರಿ ಟೆಂಟಿನಲ್ಲಿ ಕಳೆದು ಭಾನುವಾರ ಸಂಜೆಗೆ ಮರಳುವ ಚಾರಣದ ಸುಖವನ್ನು ಬಹುಕಾಲದಿಂದ ಉಂಡವನು ನಾನು. ಇಂಥ ಚಾರಣಗಳ ಕುರಿತ ಬರಹಗಳನ್ನು ತಪ್ಪದೆ ಓದುತ್ತೇನೆ. ಚೀಲದ ತೂಕ, ಬೂಟು, ದಾರಿಯ ಏರು, ಎಲ್ಲವೂ ಅವುಗಳಲ್ಲಿ ವಿವರವಾಗಿ ಇರುತ್ತವೆ. ನೀರು ಎಷ್ಟು ತಣ್ಣಗಿರುತ್ತದೆ, ಆ ತಣ್ಪು ಮೈಗೆ ಏನು ಮಾಡುತ್ತದೆ ಎಂಬುದು ಮಾತ್ರ ಇರುವುದಿಲ್ಲ. ಈ ಪತ್ರಕ್ಕೆ ಅದೇ ಕಾರಣ.

ಕೆಲವು ವರ್ಷಗಳ ಹಿಂದೆ ನಮ್ಮ ತಂಡ ಆರು ಗಂಟೆ ಹತ್ತಿ ದಡ ಸೇರಿದಾಗ, ನಮ್ಮೆಲ್ಲರಿಗಿಂತ ಚೆನ್ನಾಗಿ ಈಜಬಲ್ಲ ಗೆಳೆಯ ಚೀಲ ಇಳಿಸಿದವನೇ ಬೆವರಿದ ಮೈಯಲ್ಲೇ ಬಂಡೆಯ ಮೇಲಿಂದ ಧುಮುಕಿದ. ತಲೆ ಮೇಲೆ ಬಂದಾಗ ಅವನಿಂದ ಕೂಗಲೂ ಆಗಲಿಲ್ಲ; ಬಾಯಿ ತೆರೆದು ಒಂದೇ ಸಮನೆ ಉಸಿರೆಳೆಯುತ್ತಿದ್ದ. ಬಂಡೆಯ ಅಂಚು ಕೈಗೆ ಸಿಕ್ಕಿದ್ದರಿಂದ ಉಳಿದ. ಹತ್ತಿದ ಸುಸ್ತಿನಿಂದ ಹೀಗಾಯಿತೆಂದೇ ಅಂದು ನಾವು ಭಾವಿಸಿದ್ದೆವು.

ನಿಜವಾದ ಕಾರಣ ತಣ್ಣೀರಿನ ಆಘಾತ. ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ನೀರಿಗೆ ಮೈ ಒಮ್ಮೆಲೇ ಇಳಿದರೆ, ಚರ್ಮ ದಿಢೀರನೆ ತಣಿದು, ನಮ್ಮ ಇಚ್ಛೆಯನ್ನು ಕೇಳದೆಯೇ ಎದೆ ಗಬಕ್ಕನೆ ಉಸಿರನ್ನು ಒಳಗೆಳೆದುಕೊಳ್ಳುತ್ತದೆ. ಆ ಕ್ಷಣ ಬಾಯಿ ನೀರಿನೊಳಗಿದ್ದರೆ ಒಳಗೆ ಹೋಗುವುದು ನೀರೇ. ಬಳಿಕ ಒಂದೆರಡು ನಿಮಿಷ ಏದುಸಿರು ನಿಲ್ಲುವುದಿಲ್ಲ, ನಾಡಿಬಡಿತ ಮತ್ತು ರಕ್ತದೊತ್ತಡ ಏರುತ್ತವೆ. ಈಜು ಎಷ್ಟೇ ಚೆನ್ನಾಗಿ ಬಲ್ಲವನನ್ನೂ ಇದು ಬಿಡುವುದಿಲ್ಲ. ಮೈಯ ಒಳಗಿನ ಶಾಖ ಅಪಾಯದ ಮಟ್ಟಕ್ಕೆ ಇಳಿಯಲು ವಯಸ್ಕರಿಗೆ ಸಾಮಾನ್ಯವಾಗಿ ಅರ್ಧ ಗಂಟೆಯಾದರೂ ಬೇಕು; ಆದರೆ ಅದಕ್ಕೂ ಬಹಳ ಮೊದಲೇ ಕೈಕಾಲು ಮರಗಟ್ಟಿ, ಕಣ್ಣೆದುರಿನ ದಡಕ್ಕೂ ಈಜಲಾಗದಂತಾಗುತ್ತದೆ.

ಬೆಟ್ಟದ ಸರೋವರ ಮೋಸ ಮಾಡುವುದು ಇಲ್ಲಿಯೇ. ಎತ್ತರದ ಅನೇಕ ಸರೋವರಗಳು ಹಿಂದೊಮ್ಮೆ ಹಿಮನದಿ ಕೊರೆದ ಕುಳಿಗಳು; ಬೇಸಿಗೆಯಲ್ಲೂ ಅವುಗಳಿಗೆ ಕರಗಿದ ಹಿಮ ಹರಿದು ಬರುತ್ತಿರುತ್ತದೆ. ಬಿಸಿಲಿಗೆ ಬೆಚ್ಚಗಾದ ನೀರು ಹಗುರವಾಗಿ ಮೇಲೆ ನಿಲ್ಲುತ್ತದೆ, ತಣ್ಣನೆಯ ನೀರು ಭಾರವಾಗಿ ಕೆಳಗೆ ಉಳಿಯುತ್ತದೆ. ದಡದಲ್ಲಿ ಪಾದ ಅದ್ದಿ ಹಿತವಾಗಿದೆ ಎಂದುಕೊಂಡವನು ನಡುವೆ ಧುಮುಕಿದರೆ ತಲುಪುವುದು ಬೇರೆಯೇ ನೀರನ್ನು.

ಆದ್ದರಿಂದ ಚೀಲ ಇಳಿಸಿದ ಮೇಲೆ ಉಸಿರು ತಹಬಂದಿಗೆ ಬರುವವರೆಗೆ ಕುಳಿತುಕೊಳ್ಳಬೇಕು. ಮುಖ, ಕತ್ತು, ಎದೆಗೆ ನೀರು ಚಿಮುಕಿಸಿಕೊಂಡು ನಡೆದೇ ಇಳಿಯಬೇಕು. ಅಕಸ್ಮಾತ್ ಬಿದ್ದರೆ ಈಜಲು ಹೆಣಗದೆ, ಅಂಗಾತ ತೇಲುತ್ತ ಉಸಿರು ಹತೋಟಿಗೆ ಬರುವವರೆಗೆ ಕಾಯಬೇಕು. ಸರೋವರವನ್ನು ಅಡ್ಡ ದಾಟುವ ಪಂಥ ಬೇಡ. ದಡದ ಗುಂಟ, ಕಾಲು ನೆಲಕ್ಕೆ ಎಟಕುವಲ್ಲಿ, ಒಬ್ಬರು ದಡದ ಮೇಲೆ ನಿಂತು ನೋಡುತ್ತಿರುವಾಗ ಈಜಬೇಕು. ಚೆನ್ನಾಗಿದೆ ಎನ್ನಿಸುತ್ತಿರುವಾಗಲೇ ಹೊರಬರಬೇಕು, ಏಕೆಂದರೆ ನೀರಿನಿಂದ ಎದ್ದ ಮೇಲೂ ಕೆಲವು ನಿಮಿಷ ಮೈ ತಣಿಯುತ್ತಲೇ ಹೋಗುತ್ತದೆ. ಒಣಬಟ್ಟೆ, ಉಣ್ಣೆಯ ಟೊಪ್ಪಿಗೆಗಳನ್ನು ನೀರಿಗಿಳಿಯುವ ಮೊದಲೇ ಚೀಲದ ತಳದಿಂದ ತೆಗೆದಿಡುವುದು ಸಣ್ಣ ಮಾತೆಂದು ತೋರಬಹುದು. ನಡುಗುವ ಬೆರಳುಗಳಿಂದ ಚೀಲದ ಬಕಲ್ ಬಿಚ್ಚಲು ಒದ್ದಾಡಿದವರಿಗೆ ಅದರ ಬೆಲೆ ಗೊತ್ತು. ನೆರವು ಬರಬೇಕಾದರೆ ಅದೂ ನಮ್ಮಂತೆಯೇ ಗಂಟೆಗಟ್ಟಲೆ ಬೆಟ್ಟ ಹತ್ತಿ ಬರಬೇಕಾದ ಜಾಗ ಅದು ಎಂಬುದನ್ನು ಮರೆಯಬಾರದು.

ಸರೋವರದ ಪರವಾಗಿಯೂ ಒಂದು ಮಾತು. ಮಣ್ಣಿನಲ್ಲಿ ಕರಗುತ್ತದೆ ಎಂದು ಮಾರುವ ಸೋಪನ್ನೂ ನೀರಿನಲ್ಲಿ ಬಳಸಬಾರದು. ಪಾತ್ರೆಯಲ್ಲಿ ನೀರು ತುಂಬಿಕೊಂಡು, ದಡದಿಂದ ಸುಮಾರು 60 ಮೀಟರ್ ಆಚೆ ಹೋಗಿ ತೊಳೆಯಬೇಕು. ಸನ್‌ಸ್ಕ್ರೀನ್ ಹಚ್ಚಿಕೊಂಡಿದ್ದರೆ ಈಜುವ ಮುನ್ನ ಅಲ್ಲಿಯೇ ಒರೆಸಿ ತೊಳೆದುಕೊಳ್ಳಬೇಕು. ಸಂಜೆ ಕಾಯಿಸಿ ಕುಡಿಯುವುದು ಅದೇ ನೀರನ್ನಲ್ಲವೇ?

ಚಾರಣದ ಲೇಖನಗಳನ್ನು ಪ್ರಕಟಿಸುವಾಗ, ದಾರಿಯ ದೂರ ಮತ್ತು ಎತ್ತರದ ಜೊತೆಗೆ ಸರೋವರದ ನೀರಿನ ಉಷ್ಣಾಂಶವನ್ನೂ, ಅಳೆದ ತಿಂಗಳನ್ನೂ ಬರೆಯುವಂತೆ ಲೇಖಕರನ್ನು ಕೇಳಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ. ಪುಟ್ಟ ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟರೆ ಸಾಕು, ಚೀಲಕ್ಕೆ ಅದೇನೂ ಭಾರವಲ್ಲ.

ಇಂತಿ,
ಒಬ್ಬ ಚಾರಣಿಗ