ರಾಣಿವಾಸದ ಕಥೆ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ಹೊಯ್ಸಳ ದೊರೆ ವಿಷ್ಣುವರ್ಧನನ ರಾಣಿ ಶಾಂತಲೆಯ ಮೇಲೆ ನೀನು ಬರೆಯುತ್ತಿರುವ ಕಾದಂಬರಿಯ ಮೂರು ಅಧ್ಯಾಯ ಓದಿದೆ. ನಿನ್ನ ವರ್ಣನೆ ಸೊಗಸಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ನಲವತ್ತು ಪುಟ ಕಳೆದರೂ ರಾಣಿ ಕನ್ನಡಿ ಮುಂದಿನಿಂದ ಎದ್ದಿಲ್ಲ. ಅಲಂಕಾರ, ವಿರಹ, ಸವತಿಯ ಮೇಲಿನ ಹೊಟ್ಟೆಕಿಚ್ಚು, ಇಷ್ಟರಲ್ಲೇ ಸುತ್ತುತ್ತಿದ್ದಾಳೆ. ಅರಮನೆಯ ಕಥೆ ಎಂದಮೇಲೆ ರೇಷ್ಮೆ, ಒಡವೆ, ದೀಪದ ಸಾಲು ಇರಲೇಬೇಕು, ಓದುವವರು ಅದಕ್ಕಾಗಿಯೂ ಪುಸ್ತಕ ಹಿಡಿಯುತ್ತಾರೆ. ಅದರ ಜೊತೆಗೆ ಆ ಹೆಣ್ಣುಮಗಳ ಕೈಯಲ್ಲಿ ಏನೇನು ಅಧಿಕಾರವಿತ್ತು, ಬೆಳಗಿನಿಂದ ಸಂಜೆವರೆಗೆ ಅವಳು ಯಾವ ಕೆಲಸ ಮಾಡುತ್ತಿದ್ದಳು ಎಂಬುದೂ ತಿಳಿದರೆ ಓದಿನ ರುಚಿಯೇ ಬೇರೆ.

ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಎರಡನೇ ಸಂಪುಟ ತೆಗೆದು ಕೂರು. ಅದು ಶ್ರವಣಬೆಳಗೊಳದ ಶಾಸನಗಳದ್ದು. 1123ರಲ್ಲಿ ಶಾಂತಲೆ ಅಲ್ಲಿ ಶಾಂತಿನಾಥನ ಬಸದಿ ಕಟ್ಟಿಸಿದಳು. ಅದು ನಡೆದುಕೊಂಡು ಹೋಗಲೆಂದು ಮೊಟ್ಟೆನವಿಲೆ ಎಂಬ ಊರನ್ನು ತನ್ನ ಗುರು ಪ್ರಭಾಚಂದ್ರ ಸಿದ್ಧಾಂತದೇವರಿಗೆ ಬಿಟ್ಟಳು. ಬಸದಿಯ ಹೆಸರು ಸವತಿಗಂಧವಾರಣ, ಅವಳದೇ ಬಿರುದು. ‘ಉದ್ವೃತ್ತ ಸವತಿಗಂಧವಾರಣೆ’ ಎಂದರೆ ಸೊಕ್ಕಿದ ಸವತಿಯರ ಪಾಲಿಗೆ ಮದದಾನೆ. ನೀನು ಇದನ್ನು ಹೆಂಗಸಿನ ಅಸೂಯೆ ಎಂದು ಓದಿಬಿಟ್ಟಿದ್ದೀಯ. ಅಸೂಯೆಯನ್ನು ಕಲ್ಲಲ್ಲಿ ಕೆತ್ತಿಸಿ ದೇವರ ಮನೆಗೆ ಹೆಸರಿಡುವವರು ಯಾರು? ರಾಜರ ಬಿರುದುಗಳಲ್ಲಿ ಶತ್ರುರಾಜರು ನಿಲ್ಲುವ ಜಾಗದಲ್ಲಿ ಇಲ್ಲಿ ಸವತಿಯರು ನಿಂತಿದ್ದಾರೆ. ಪಟ್ಟ ನನ್ನದು ಎಂದು ಊರಿಗೆಲ್ಲ ಸಾರುವ ಮಾತು ಅದು. ಕೊನೆಗೆ ಸಿಂಹಾಸನ ಏರಿದ್ದು ವಿಷ್ಣುವರ್ಧನನ ಇನ್ನೊಬ್ಬ ರಾಣಿ ಲಕ್ಷ್ಮೀದೇವಿಯ ಮಗ ನರಸಿಂಹ. ಆ ಬಿರುದನ್ನೂ ಈ ಸಂಗತಿಯನ್ನೂ ಎದುರುಬದುರು ಇಟ್ಟುಕೊಂಡು ನೋಡು, ನಿನ್ನ ಕಾದಂಬರಿಯ ಬೆನ್ನೆಲುಬು ಸಿಗುತ್ತದೆ.

ಒಂದು ಊರು ಬಿಟ್ಟುಕೊಡುವುದು ಸಣ್ಣ ಕೆಲಸವಲ್ಲ, ಅದಕ್ಕೇ ಒಂದು ಅಧ್ಯಾಯ ಕೊಡು. ಎಲ್ಲೆ ಗುರುತಿಸಬೇಕು: ಮೂಡಲಿಗೆ ಯಾವ ಕೆರೆ, ತೆಂಕಲಿಗೆ ಯಾವ ಮರ, ಎಲ್ಲಿ ನಟ್ಟ ಕಲ್ಲು. ಗುರುಗಳ ಕಾಲು ತೊಳೆದು ಧಾರೆ ಎರೆಯಬೇಕು. ಸೇನಬೋವ ಬರೆಯಬೇಕು, ರೂವಾರಿ ಕೆತ್ತಬೇಕು. ಕೊನೆಯಲ್ಲಿ ಶಾಪದ ಸಾಲು, ಈ ಧರ್ಮಕ್ಕೆ ಅಳುಪಿದವನು ವಾರಣಾಸಿಯಲ್ಲಿ ಕವಿಲೆ ಹಸು ಕೊಂದ ಪಾಪಕ್ಕೆ ಹೋಗುತ್ತಾನೆ ಎನ್ನುವಂಥದ್ದು. ಎಲ್ಲೆಯ ಬಳಿ ಉಳುವ ರೈತನ ಹೆಂಡತಿಯನ್ನು ನಿಲ್ಲಿಸು. ನಾಳೆಯಿಂದ ತೆರಿಗೆ ಯಾರಿಗೆ ಕೊಡಬೇಕೆಂಬುದು ಅವಳ ಪ್ರಶ್ನೆ. ರಾಣಿಯ ಪುಣ್ಯ, ಈಕೆಯ ಭತ್ತ ಎರಡೂ ಒಂದೇ ಪುಟದಲ್ಲಿ ಬಂದರೆ ಆಸ್ಥಾನಕ್ಕೆ ತೂಕ ಬರುತ್ತದೆ.

ರಾಣಿಯ ಅಕ್ಕಪಕ್ಕದವರನ್ನು ‘ಸಖಿಯರು’ ಎಂದು ಒಂದೇ ಮೂಟೆ ಕಟ್ಟಬೇಡ. ಹಡಪ, ಅಂದರೆ ಎಲೆಅಡಿಕೆಯ ಚೀಲ, ಹಿಡಿದವಳನ್ನೇ ತೆಗೆದುಕೋ. ಎಲೆಯ ತೊಟ್ಟು, ತುದಿ ಮುರಿದು, ಬೆನ್ನಿನ ನಾರು ತೆಗೆದು, ಅಕ್ಕಿಕಾಳಿನಷ್ಟು ಸುಣ್ಣ ಸವರಿ, ಅಡಕೆ, ಏಲಕ್ಕಿ, ಚೂರು ಪಚ್ಚಕರ್ಪೂರ ಇಟ್ಟು ಮಡಿಸುತ್ತಾಳೆ. ಸುಣ್ಣ ಹೆಚ್ಚಾದರೆ ನಾಲಿಗೆ ಸುಡುತ್ತದೆ, ಕಡಿಮೆಯಾದರೆ ಬಾಯಿ ಕೆಂಪಾಗುವುದಿಲ್ಲ. ರಾಣಿಯ ಬಾಯಿಗೆ ಹೋಗುವುದು ಅವಳ ಕೈ ದಾಟಿಯೇ ಹೋಗಬೇಕು, ಆದ್ದರಿಂದ ನಂಬಿಕಸ್ತಳಲ್ಲದವಳಿಗೆ ಆ ಕೆಲಸವಿಲ್ಲ. ಮಂತ್ರಾಲೋಚನೆ ನಡೆಯುವಾಗಲೂ ಅವಳು ಅಲ್ಲೇ ನಿಂತಿರುತ್ತಾಳೆ, ಎಲ್ಲ ಕೇಳಿಸಿಕೊಳ್ಳುತ್ತಾಳೆ. ಐದು ಶತಮಾನಗಳ ಮೇಲೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಅದೇ ಕೆಲಸದ ಹೊನ್ನಮ್ಮ ‘ಹದಿಬದೆಯ ಧರ್ಮ’ ಕಾವ್ಯವನ್ನು ಹಾಡಲು ಒಗ್ಗುವ ಸಾಂಗತ್ಯ ಛಂದಸ್ಸಿನಲ್ಲಿ ಬರೆದಳು. ಆ ಹೊತ್ತಿಗೆ ಹಡಪ ‘ಸಂಚಿ’ಯಾಗಿತ್ತು, ಅವಳು ಸಂಚಿ ಹೊನ್ನಮ್ಮ. ನಿನ್ನ ಕಥೆಯಲ್ಲಿ ಹಡಪವೇ ಇರಲಿ.

ಮುಂದೆ ವಿಜಯನಗರದ ಕಥೆಗೆ ಕೈಹಾಕುವುದಾದರೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್‌ನ ಬರಹ ಓದು. ಅಚ್ಯುತರಾಯನ ಅರಮನೆಯೊಳಗೆ ಕುಸ್ತಿ ಮಾಡುವ, ಜ್ಯೋತಿಷ್ಯ ಹೇಳುವ, ಲೆಕ್ಕ ಬರೆಯುವ ಹೆಂಗಸರಿದ್ದರೆಂದು ಅವನು ಹೇಳುತ್ತಾನೆ. ಒಳಗಿನ ಹೆಂಗಸರ ಪುಸ್ತಕವನ್ನು ಹೊರಗಿನ ಬರಹಗಾರರ ಪುಸ್ತಕದ ಜೊತೆ ತಾಳೆ ನೋಡುತ್ತಿದ್ದರಂತೆ. ಒಂದು ದಿನ ಎರಡರ ಲೆಕ್ಕ ತಾಳೆಯಾಗಲಿಲ್ಲ ಎಂದುಕೋ! ಕಾದಂಬರಿಗೆ ಇದಕ್ಕಿಂತ ಒಳ್ಳೆಯ ಗಂಟು ಬೇಕೆ? ಇನ್ನು ಯುದ್ಧಕ್ಕೆ ಹೋಗುವ ರಾಜಪುತ್ರಿ ಬೇಕಾದರೆ ಅವಳನ್ನು ಕಲ್ಪಿಸುವ ಕಷ್ಟವಿಲ್ಲ. ಚಾಲುಕ್ಯರ ಅಕ್ಕಾದೇವಿ ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳಿದಳು, 1047ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು.

ಈಗ ತಪ್ಪುಗಳು. ನಿನ್ನ ಔತಣದ ಕೋಸಂಬರಿಯಲ್ಲಿ ಹಸಿಮೆಣಸಿನಕಾಯಿ ಇದೆ, ಪಾಯಸದಲ್ಲಿ ಗೋಡಂಬಿ, ಚಪ್ಪರದ ತುಂಬ ಚೆಂಡುಹೂ. ಮೂರೂ ಅಮೆರಿಕದ ಗಿಡಗಳು, ಪೋರ್ಚುಗೀಸರು ಬಂದಮೇಲೆ ಇಲ್ಲಿ ಬೇರುಬಿಟ್ಟವು. ಖಾರಕ್ಕೆ ಕರಿಮೆಣಸು, ಹಿಪ್ಪಲಿ, ಶುಂಠಿ ಸಾಕು. ಹೂವಿಗೆ ಮಲ್ಲಿಗೆ, ಸಂಪಿಗೆ, ಕೇದಗೆ, ಸುರಗಿ ಬಳಸು, ಸುಗಂಧರಾಜವನ್ನೂ ದೂರವಿಡು. ಅಡುಗೆಗೆ ಮಾದರಿ ಬೇಕಿದ್ದರೆ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸ ಗ್ರಂಥ ಶಾಂತಲೆಯ ಕಾಲದ್ದೇ.

ಮಾತಿನಲ್ಲೂ ಇದೇ ಜಾಗ್ರತೆ ಬೇಕು. ವಿಷ್ಣುವರ್ಧನ ‘ಹುಕುಂ’ ಹೊರಡಿಸುತ್ತಾನೆ, ‘ದರ್ಬಾರು’ ನಡೆಸುತ್ತಾನೆ, ‘ಖಜಾನೆ’ಗೆ ಬೀಗ ಹಾಕಿಸುತ್ತಾನೆ. ಒಡೆಯರ ಕಥೆಯಲ್ಲಾದರೆ ಇವು ಒಗ್ಗುತ್ತವೆ. ಹೊಯ್ಸಳರ ಬಾಯಲ್ಲಿ ಅಪ್ಪಣೆ, ಓಲಗ, ಭಂಡಾರ ಬರಲಿ. ಹಾಗೆಂದು ಸಂಭಾಷಣೆಯನ್ನು ಹಳಗನ್ನಡಕ್ಕೆ ತಿರುಗಿಸಬೇಡ, ಮೂರನೇ ಪುಟಕ್ಕೆ ಓದುಗ ಕೈಬಿಡುತ್ತಾನೆ. ಸರಳ ಹೊಸಗನ್ನಡ ಇಟ್ಟುಕೊಂಡು ಪೆರ್ಗಡೆ, ಗದ್ಯಾಣ, ಪಿರಿಯರಸಿಯಂಥ ಪದಗಳನ್ನು ಅಧ್ಯಾಯಕ್ಕೆ ನಾಲ್ಕೈದರಂತೆ ಬಿಡು. ಅರ್ಥವನ್ನು ಕಂಸದಲ್ಲಿ ಕೊಡುವುದು ಬೇಡ. ಗದ್ಯಾಣವನ್ನು ಯಾರೋ ಎಣಿಸಿಕೊಟ್ಟರೆ ಅದು ನಾಣ್ಯವೆಂದು ತಾನಾಗಿ ತಿಳಿಯುತ್ತದೆ.

ಶಾಂತಲೆಯ ತಾಯಿ ಮಾಚಿಕಬ್ಬೆಯನ್ನು ನೀನು ಎರಡೇ ಸಾಲಿನಲ್ಲಿ ದಾಟಿಬಿಟ್ಟಿದ್ದೀಯ, ಅದು ನನಗೆ ಬೇಸರ ತಂದಿತು. ಅವಳು ಜೈನಳು, ಗಂಡ ಮಾರಸಿಂಗಯ್ಯ ಶೈವ, ಅಳಿಯ ಬೇಲೂರಿನಲ್ಲಿ ಕೇಶವನನ್ನು ನಿಲ್ಲಿಸಿದವನು. 1131ರಲ್ಲಿ ಮಗಳು ಶಿವಗಂಗೆಯಲ್ಲಿ ತೀರಿಕೊಂಡಳು. ತಾಯಿ ಬೆಳಗೊಳಕ್ಕೆ ಬಂದು, ಉಪವಾಸವಿದ್ದು ದೇಹ ಬಿಡುವ ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟಳು. ಮೂರನೇ ಅಧ್ಯಾಯವನ್ನು ದಾನದ ದಿನದಿಂದ ಮತ್ತೆ ಶುರುಮಾಡು, ಧಾರೆಯ ಗಿಂಡಿ ಮಾಚಿಕಬ್ಬೆಯ ಕೈಯಲ್ಲಿರಲಿ. ಬರೆದಾದ ಮೇಲೆ ಕಳಿಸು.

ಇತಿ,
ನಿನ್ನ ಅಕ್ಕ