ನನ್ನ ಪಕ್ಕ ನಿಂತವರಿಗೆ

ಕಳೆದ ತಿಂಗಳು ನಮ್ಮ ತಾಲ್ಲೂಕಿನ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯ ನನ್ನನ್ನು ದೋಷಮುಕ್ತಗೊಳಿಸಿತು. ಬೆಳಿಗ್ಗೆ ಕಕ್ಷಿದಾರರ ಪರ ವಾದಿಸಿ, ನನ್ನ ಪ್ರಕರಣದ ಕೂಗು ಬಂದೊಡನೆ ಕೋಟು, ಬ್ಯಾಂಡು ಬಿಚ್ಚಿ ಜೂನಿಯರ್ ಕೈಗೆ ಕೊಟ್ಟು ಅದೇ ಕೋಣೆಯ ಆರೋಪಿ ಕಟಕಟೆಯಲ್ಲಿ ಹೋಗಿ ನಿಲ್ಲುವ ನಾಲ್ಕು ವರ್ಷದ ಅಭ್ಯಾಸ ಅಂದಿಗೆ ಮುಗಿಯಿತು. ಅಂದಿನಿಂದ ಫೋನ್ ಮಾಡಿದವರಿಗೆ, ಮನೆಗೆ ಬಂದವರಿಗೆ ಸರಿಯಾಗಿ ನಾಲ್ಕು ಮಾತಾಡಲೂ ನನಗೆ ಆಗಲಿಲ್ಲ. ಆ ಬಾಕಿಯನ್ನು ಇಲ್ಲಿ ತೀರಿಸಲು ಪ್ರಯತ್ನಿಸುತ್ತೇನೆ.

ವಿಷಯ ತಿಳಿಯದವರಿಗಾಗಿ ಚುಟುಕಾಗಿ ಹೇಳುವುದಾದರೆ, ಭೂಸ್ವಾಧೀನದ ವಿರುದ್ಧ ಧರಣಿ ಕೂತಿದ್ದ ಹನ್ನೊಂದು ಮಂದಿ ರೈತರನ್ನು 2021ರ ಒಂದು ಮಧ್ಯಾಹ್ನ ಠಾಣೆಗೆ ಕರೆದೊಯ್ದಿದ್ದರು. ಸಂಜೆ ನಾನು ಅಲ್ಲಿಗೆ ಹೋಗಿ ಕೇಳಿದ್ದು ಎರಡೇ: ಇವರನ್ನು ಬಂಧಿಸಿದ್ದರೆ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ ಬಂಧನದ ದಾಖಲೆಪತ್ರವಾದ ಅರೆಸ್ಟ್ ಮೆಮೊ ಎಲ್ಲಿ, ಮತ್ತು ಸಂವಿಧಾನದ 22ನೇ ವಿಧಿಯಂತೆ ಇವರ ವಕೀಲನಾದ ನನಗೆ ಭೇಟಿಗೆ ಅವಕಾಶ ಏಕಿಲ್ಲ. 'ನೀನು ವಕೀಲನಾ, ಇಲ್ಲ ಅವರ ಲೀಡರಾ?' ಎಂಬ ಮರುಪ್ರಶ್ನೆ ಬಂತು. ಮೊಬೈಲ್ ಕಿತ್ತುಕೊಂಡರು, ಕೊರಳಲ್ಲಿದ್ದ ಬ್ಯಾಂಡ್ ಹಿಡಿದು ಎಳೆದರು, ರಾತ್ರಿ ಹನ್ನೊಂದರವರೆಗೆ ಬೆಂಚಿನ ಮೇಲೆ ಕೂರಿಸಿ ಕಳಿಸಿದರು. ಮರುದಿನ ನೋಡಿದರೆ ಬಲಪ್ರಯೋಗಿಸಿ ಸರ್ಕಾರಿ ನೌಕರರ ಕರ್ತವ್ಯಕ್ಕೆ ಅಡ್ಡಿಪಡಿಸಿದ ಆರೋಪದ ಮೇಲೆ, ಭಾರತೀಯ ದಂಡ ಸಂಹಿತೆಯ 353ನೇ ಕಲಮಿನಡಿ, ನನ್ನ ಮೇಲೆಯೇ ಎಫ್‌ಐಆರ್ ಆಗಿತ್ತು. ಹೆಚ್ಚೆಂದರೆ ಎರಡು ವರ್ಷ ಶಿಕ್ಷೆಯ ಅಪರಾಧವದು. ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದು, ಬಂಧನ ಅಗತ್ಯವಿಲ್ಲದಿದ್ದರೆ ಹಾಜರಾಗಲು ತಿಳಿಸುವ, ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 41ಎ ನೋಟಿಸ್ ಕೊಡಬೇಕು ಎಂದು ಅರ್ನೇಶ್ ಕುಮಾರ್ ಪ್ರಕರಣದಲ್ಲಿ 2014ರಲ್ಲೇ ತೀರ್ಪಾಗಿದೆ. ನಮ್ಮ ಮನೆಗೆ ನೋಟಿಸ್ ಬರಲಿಲ್ಲ, ಜೀಪು ಬಂತು.

ಇಂಥ ಪ್ರಕರಣ ಹಾಕುವವರಿಗೆ ನನಗೆ ಶಿಕ್ಷೆ ಕೊಡಿಸುವ ಅವಸರವೇನೂ ಇರಲಿಲ್ಲವೆಂಬುದು ನನ್ನ ಅಂದಾಜು. ನನ್ನ ಹತ್ತಿರ ಬರುವವರು ಎರಡು ಸಲ ಯೋಚಿಸುವಂತಾದರೆ ಅವರ ಕೆಲಸ ಆದಂತೆಯೇ. ಆದ್ದರಿಂದಲೇ, ಯೋಚಿಸಿಯೂ ಹತ್ತಿರ ಬಂದವರನ್ನು ನೆನೆಯದೆ ಇರಲಾರೆ.

ಮೊದಲು ನೆನೆಯಬೇಕಾದದ್ದು ಜಾಮೀನಿಗೆ ನಿಂತವರನ್ನು. ನಿರೀಕ್ಷಣಾ ಜಾಮೀನು ಸಿಕ್ಕಿದ ಮೇಲೆ ಶ್ಯೂರಿಟಿ ಬೇಕಾಯಿತು. ಆ ಹನ್ನೊಂದು ಮಂದಿಯಲ್ಲಿ ಹಿರಿಯರಾದ ಅಜ್ಜ ತಮ್ಮ ಪಹಣಿ ಹಿಡಿದು ಬೆಳಿಗ್ಗೆ ಎಂಟಕ್ಕೇ ಕೋರ್ಟಿನ ಮೆಟ್ಟಿಲ ಮೇಲೆ ಕೂತಿದ್ದರು. ಕಾಗದ ಬಿಡಿಸಿ ನೋಡಿದರೆ 11ನೇ ಕಾಲಮ್ಮಿನಲ್ಲಿ ಭೂಸ್ವಾಧೀನದ ನಮೂದು! ಯಾವ ಜಮೀನಿಗಾಗಿ ಅವರು ಧರಣಿ ಕೂತರೋ, ನಾನು ಠಾಣೆಗೆ ಹೋದೆನೋ, ಆ ಜಮೀನು ನನ್ನ ಜಾಮೀನಿಗೂ ಒದಗಲಿಲ್ಲ. ಅಜ್ಜ ಏನೂ ಹೇಳದೆ ಎದ್ದು ಹೋಗಿ, ನಾಟಿ ಕೆಲಸದಲ್ಲಿದ್ದ ತಮ್ಮ ಅಳಿಯನನ್ನು ಗದ್ದೆಯಿಂದಲೇ ಎಬ್ಬಿಸಿಕೊಂಡು ಮಧ್ಯಾಹ್ನದೊಳಗೆ ಬಂದರು. ಸಹಿ ಮಾಡುವಾಗ ಆ ಹುಡುಗನ ಉಗುರಲ್ಲಿ ಇನ್ನೂ ಕೆಸರಿತ್ತು. ಅಜ್ಜನಿಗೂ ಅವರ ಅಳಿಯನಿಗೂ ಕೈಮುಗಿಯುತ್ತೇನೆ.

ಪೊಲೀಸರ ಮಹಜರಿಗೆ ಪಂಚರಾಗಿ, ಅಂದರೆ ಸ್ಥಳದ ಸಾಕ್ಷಿಯಾಗಿ ಸಹಿ ಹಾಕಿದ್ದ ಚಹಾದಂಗಡಿಯವರು ಸಾಕ್ಷಿಕಟ್ಟೆ ಹತ್ತಿ, 'ನಾನು ಗಲಾಟೆ ನೋಡಿಲ್ಲ, ಬರೀ ಹಾಳೆಗೆ ಸಹಿ ಹಾಕಿಸಿಕೊಂಡ್ರು ಸ್ವಾಮಿ' ಎಂದರು. ಅಷ್ಟರಲ್ಲಿ ಇಡೀ ಪ್ರಕರಣದ ಬುಡ ಅಲುಗಿತು. ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿದ್ದರೂ, ನಾವು ಆ ರಾತ್ರಿಯ ದೃಶ್ಯ ಕೇಳಿದಾಗ ಕ್ಯಾಮೆರಾ ಕೆಟ್ಟಿತ್ತೆಂಬ ಉತ್ತರ ಬಂದಿತ್ತು. ಕ್ಯಾಮೆರಾ ಹೇಳದ್ದನ್ನು ಇವರು ಹೇಳಿದರು. ಠಾಣೆಯೆದುರಿಗಿದ್ದ ಇವರ ಅಂಗಡಿ ಈಗ ಬಸ್ ನಿಲ್ದಾಣದ ಆಚೆಗಿದೆ. ವ್ಯಾಪಾರ ಮೊದಲಿನಷ್ಟಿಲ್ಲ. ಗೆಳೆಯರು ಆ ಕಡೆ ಹೋದಾಗ ಅಲ್ಲೇ ಚಹಾ ಕುಡಿಯಬೇಕೆಂದು ವಿನಂತಿ.

ನನ್ನ ವಕಾಲತ್ತಿಗೆ ಮೊದಲು ಸಹಿ ಮಾಡಿದವರು ಸನ್ನದು ಪಡೆದು ಒಂದು ವರ್ಷವೂ ಆಗದ ನಮ್ಮ ಜೂನಿಯರ್. 'ಇದು ನಿನಗೆ ಬೇಡ ಕಣಮ್ಮ' ಎಂದು ನಾನೇ ಅಂದಿದ್ದೆ. 'ಆರೋಪಿ ಮಾತು ಕೇಳಿ ವಕಾಲತ್ತು ಬಿಡೋಕಾಗುತ್ತಾ ಸಾರ್?' ಎಂದು ನಕ್ಕರು. ಶುಲ್ಕದ ಮಾತೆತ್ತಿದರೆ ಸಿಡುಕುತ್ತಿದ್ದ ನಮ್ಮ ಹಿರಿಯ ವಕೀಲರು ಪಾಟೀಸವಾಲಿಗೆ ಬಂದಾಗಲೆಲ್ಲ ತುರ್ತುಪರಿಸ್ಥಿತಿಯ ಕಾಲವನ್ನು ನೆನಪಿಸುತ್ತಿದ್ದರು. 1975ರ ಜೂನ್ 26ರಂದು ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರ ಪರ ಹೈಕೋರ್ಟಿನಲ್ಲಿ ನಿಂತ ವಕೀಲರಲ್ಲಿ ಒಬ್ಬರಾದ ರಾಮಾ ಜೋಯಿಸರು ತಾವೂ ಬೆಂಗಳೂರಿನ ಸೆರೆಮನೆ ಕಂಡರು. ಅದೇ ಸೆರೆಮನೆಯಲ್ಲಿ ಉಬ್ಬಸದಿಂದ ನರಳಿದ ನಟಿ ಸ್ನೇಹಲತಾ ರೆಡ್ಡಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ನಮ್ಮ ಕಾಲಕ್ಕೆ ಬಂದರೆ, ಛತ್ತೀಸ್‌ಗಢದ ಕಾರ್ಮಿಕರ ವಕೀಲೆ ಸುಧಾ ಭಾರದ್ವಾಜ್ 2018ರ ಆಗಸ್ಟ್‌ನಲ್ಲಿ ಬಂಧಿತರಾದವರು 2021ರ ಡಿಸೆಂಬರ್‌ವರೆಗೆ ಜಾಮೀನಿನ ಮೇಲೆ ಹೊರಬರಲಿಲ್ಲ. ಇವರ ಮುಂದೆ ನನ್ನದೊಂದು ಕಷ್ಟವೇ ಅಲ್ಲವೆಂಬುದು ನನಗೆ ಗೊತ್ತಿದೆ.

ನಮ್ಮ ವಕೀಲರ ಸಂಘಕ್ಕೂ ಕೃತಜ್ಞತೆ ಹೇಳಬೇಕು, ತುಸು ಕಹಿಯೊಂದಿಗೆ. ಮೊದಲ ಆರು ತಿಂಗಳು ಸಂಘದ ಕೋಣೆಯಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿಯೇ ಇರುತ್ತಿತ್ತು. 2020ರಲ್ಲಿ ಹುಬ್ಬಳ್ಳಿಯಲ್ಲಿ ರಾಜದ್ರೋಹದ ಆರೋಪ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ವಕಾಲತ್ತು ಹಾಕಬಾರದೆಂದು ವಕೀಲರೇ ನಿರ್ಣಯಿಸಿದ್ದನ್ನು ಕಂಡವರು ನಾವು. ಕಕ್ಷಿದಾರನ ವಿಚಾರವನ್ನು ವಕೀಲನ ತಲೆಗೆ ಕಟ್ಟಬಾರದೆಂದು ವಿಶ್ವಸಂಸ್ಥೆಯ ಸಮ್ಮೇಳನ 1990ರಲ್ಲಿ ಹವಾನಾದಲ್ಲಿ ತತ್ತ್ವಗಳನ್ನು ಅಂಗೀಕರಿಸಿದ್ದು ಪೊಲೀಸರಿಗಷ್ಟೇ ಅಲ್ಲ, ನಮಗೂ ಅನ್ವಯಿಸುತ್ತದೆ. 2023ರ ನವೆಂಬರ್‌ನಲ್ಲಿ ಚಿಕ್ಕಮಗಳೂರಿನಲ್ಲಿ ಯುವ ವಕೀಲರೊಬ್ಬರ ಮೇಲೆ ಠಾಣೆಯಲ್ಲಿ ಹಲ್ಲೆಯಾದಾಗ ರಾಜ್ಯದ ವಕೀಲರೆಲ್ಲ ಬೀದಿಗಿಳಿದರು. ಮುಂದಿನ ತಿಂಗಳೇ ಬೆಳಗಾವಿ ಅಧಿವೇಶನದಲ್ಲಿ ವಕೀಲರ ರಕ್ಷಣೆಯ ಮಸೂದೆಗೆ ಒಪ್ಪಿಗೆ ಸಿಕ್ಕಿತು. ವಕೀಲರನ್ನು ಬಂಧಿಸಿದರೆ 24 ಗಂಟೆಯೊಳಗೆ ಸಂಘಕ್ಕೆ ತಿಳಿಸಬೇಕೆಂಬ ನಿಯಮ ಈಗಿದೆ. ಅಂದಿನ ಮೆರವಣಿಗೆಯಲ್ಲಿ ನನ್ನ ಕೈಹಿಡಿದು ಮುಂದಿನ ಸಾಲಿಗೆ ಕರೆದೊಯ್ದ ಮಿತ್ರರೇ ಹಿಂದೆ ಆ ಕುರ್ಚಿ ಬಿಟ್ಟು ಎದ್ದವರು. ಅವರಿಗೂ ಮನಃಪೂರ್ವಕ ವಂದನೆಗಳು.

ಮನೆಯವರ ವಿಷಯ ಬರೆಯುವುದಿಲ್ಲ, ಬರೆಯಬೇಡಿ ಎಂದಿದ್ದಾರೆ.

ಕೊನೆಯದಾಗಿ ನಮ್ಮ ಗುಮಾಸ್ತರು. ಕಚೇರಿಯ ಡೈರಿಯಲ್ಲಿ ನನ್ನ ಪ್ರಕರಣವನ್ನೂ ಎಲ್ಲ ಪ್ರಕರಣಗಳ ನಡುವೆಯೇ ಬರೆದುಕೊಂಡು, ಕಕ್ಷಿದಾರರ ಹೆಸರಿನ ಜಾಗದಲ್ಲಿ 'ನಮ್ಮ ಸಾಹೇಬರು' ಎಂದು ನಮೂದಿಸುತ್ತಿದ್ದರು. ಒಟ್ಟು ಮೂವತ್ತೊಂದು ವಾಯಿದೆ. ಒಂದನ್ನೂ ತಪ್ಪಿಸಲು ಬಿಡಲಿಲ್ಲ. ತೀರ್ಪಿನ ಸಂಜೆ ಅದೇ ಸಾಲಿನೆದುರು ಕೆಂಪು ಶಾಯಿಯಲ್ಲಿ 'ವಿಲೇವಾರಿ' ಎಂದು ಬರೆದು, ಹಾಳೆ ತಿರುವಿ, ಆ ಹನ್ನೊಂದು ಮಂದಿಯ ಪ್ರಕರಣ ಬರುವ ಸೋಮವಾರಕ್ಕಿದೆ, ತನಿಖಾಧಿಕಾರಿಯ ಪಾಟೀಸವಾಲು, ಕಡತ ಮೇಜಿನ ಮೇಲಿಟ್ಟಿದ್ದೇನೆ ಎಂದರು.