ಸೋಲೋಗೆ ಮುಂಚೆ ನಿದ್ದೆ

ಮೈಸೂರು

ಚಿ. ಸೌಮ್ಯಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಇನ್ನು ಒಬ್ಬಳೇ ಸರ್ಕ್ಯೂಟ್ (ರನ್‌ವೇಯಿಂದ ಎದ್ದು, ಸುತ್ತು ಹಾಕಿ, ಮತ್ತೆ ಅಲ್ಲೇ ಇಳಿಯುವ ಅಭ್ಯಾಸ) ಹಾರಿಸುತ್ತೀಯಂತೆ, ನಿಮ್ಮಪ್ಪ ಹೇಳಿದ. ಸಂತೋಷ. ಆದರೆ ಮಂಡ್ಯದಲ್ಲಿ ನಸುಕಿಗೇ ಎದ್ದು ಬಂದು, ಥಿಯರಿ ಕ್ಲಾಸು ಮುಗಿಸಿ, ಊಟವಾದ ಮೇಲೆ ಮೂರು ಗಂಟೆಗೆ ವಿಮಾನ ಹತ್ತುವುದು ನನಗೆ ಸರಿ ಕಾಣಲಿಲ್ಲ. ಅದು ಮೈ ತಾನಾಗಿ ಜಡವಾಗುವ ಹೊತ್ತು. ಕಾದ ನೆಲದಿಂದೆದ್ದ ಗಾಳಿ ಸಣ್ಣ ವಿಮಾನವನ್ನು ಎತ್ತಿ ಕುಕ್ಕುವುದೂ ಆಗಲೇ.

ಇಳಿಯುವಾಗ ವೇಗ, ಎತ್ತರ, ಅಡ್ಡಗಾಳಿ, ರೇಡಿಯೋ ಎಲ್ಲದರ ಮೇಲೂ ಗಮನ ಇರಬೇಕು. ದಣಿದ ತಲೆ ಒಂದಕ್ಕೇ ಅಂಟಿಕೊಳ್ಳುತ್ತೆ. ರನ್‌ವೇಯನ್ನೇ ದಿಟ್ಟಿಸುತ್ತಾ ಕೂತರೆ ಸೆಸ್ನಾ 172ರ ವೇಗ 65 ನಾಟ್‌ನಿಂದ 55ಕ್ಕೆ ಜಾರಿದ್ದು ತಿಳಿಯುವುದೇ ಇಲ್ಲ. 65 ನಾಟ್ ಅಂದರೆ ಸೆಕೆಂಡಿಗೆ ಸುಮಾರು 33 ಮೀಟರ್. ಮೂರು ಸೆಕೆಂಡ್ ತೂಕಡಿಸಿದರೆ ನೂರು ಮೀಟರ್ ಹೋಯಿತು.

ಬೇಸ್‌ನಿಂದ (ರನ್‌ವೇಗೆ ಅಡ್ಡವಾಗಿ ಹಾರುವ ಹಾದಿ) ಫೈನಲ್‌ಗೆ (ರನ್‌ವೇಗೆ ನೇರವಾದ ಕೊನೆಯ ಹಾದಿ) ತಿರುಗುವುದು ತಡವಾಗಿ ರನ್‌ವೇ ಗೆರೆ ದಾಟಿಬಿಟ್ಟರೆ, ರಡ್ಡರ್ (ಬಾಲದ ಚುಕ್ಕಾಣಿ) ಒತ್ತಿ ಮೂಗನ್ನು ಎಳೆದು ತರಲು ಹೋಗಬೇಡ. ಎತ್ತರ ಬಿಡದೆ 45 ಡಿಗ್ರಿ ವಾಲಿಸಿದರೆ ಸ್ಟಾಲ್ ವೇಗ (ಅದಕ್ಕಿಂತ ಕೆಳಗಿಳಿದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದು) ಶೇ. 19ರಷ್ಟು ಏರುತ್ತೆ. ಅಲ್ಲಿ ಸ್ಟಾಲ್ ಆಗಿ, ಗಿರಗಿರ ಸುತ್ತುತ್ತಾ ಇಳಿಯುವ ಸ್ಪಿನ್‌ಗೆ ಬಿದ್ದರೆ ಸರಿಪಡಿಸಿಕೊಳ್ಳಲು ಕೆಳಗೆ ಜಾಗವಿಲ್ಲ. ಫ್ಲೇರ್ (ನೆಲ ಮುಟ್ಟುವ ಮುಂಚೆ ಮೂಗು ಎತ್ತುವುದು) ತಡವಾದರೆ ಮೂಗಿನ ಚಕ್ರ ಮೊದಲು ತಾಗಿ ವಿಮಾನ ಪುಟಿಯುತ್ತೆ. ಗಾಬರಿಯಲ್ಲಿ ಯೋಕ್ (ವಿಮಾನ ನಡೆಸುವ ಹಿಡಿಕೆ) ಮುಂದಕ್ಕೆ ತಳ್ಳಿದರೆ ಇನ್ನೂ ಜೋರಾಗಿ ಪುಟಿಯುತ್ತೆ. ಕೊನೆಗೆ ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತೆ, ಎಂಜಿನ್ ಹಿಂದಿನ ಗೋಡೆ, ಫೈರ್‌ವಾಲ್, ಸೊಟ್ಟಗಾಗುತ್ತೆ.

ಹಾಗಾಗಿ 300 ಅಡಿಯಲ್ಲಿ ವೇಗ, ಗೆರೆ, ಇಳಿತ ಮೂರರಲ್ಲಿ ಒಂದು ತಪ್ಪಿದ್ದರೂ ಗೋ-ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲೇರಿ ಇನ್ನೊಂದು ಸುತ್ತು. ಪುಟಿದರೂ ಅದೇ. ಪೂರ್ತಿ ಥ್ರಾಟಲ್, ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಮಡಿಕೆ) 20 ಡಿಗ್ರಿಗೆ, 60 ನಾಟ್ ಹಿಡಿದು ಏರು. ಉಳಿದ ಫ್ಲ್ಯಾಪ್ ಆಮೇಲೆ, ಹಂತಹಂತವಾಗಿ. ಇದನ್ನು ಸೋಲು ಅಂದುಕೊಳ್ಳುವವರ ಮಾತು ಕಿವಿಗೆ ಹಾಕಿಕೊಳ್ಳಬೇಡ.

2010ರ ಮೇ 22ರಂದು ಮಂಗಳೂರಲ್ಲಿ 158 ಜನ ಸತ್ತ ಅಪಘಾತದಲ್ಲಿ, ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರು. ಗೋ-ಅರೌಂಡ್ ಅಂತ ಕೋ-ಪೈಲಟ್ ಹೇಳಿದರೂ ಇಳಿಯುವುದನ್ನು ಮುಂದುವರಿಸಿದರು. ಸೋಲೋದಲ್ಲಿ ಪಕ್ಕದಿಂದ ಹೇಳುವವರೂ ಇಲ್ಲ.

ದಣಿದವರಿಗೆ ತಮ್ಮ ದಣಿವಿನ ಅಂದಾಜು ಸಿಗಲ್ಲ. ಅದಕ್ಕೇ ಮೈ ಹೇಗಿದೆ ಅಂತ ಕೇಳಿಕೊಳ್ಳದೆ ಗಂಟೆ ಲೆಕ್ಕ ಹಾಕು. ರಾತ್ರಿ ಆರು ಗಂಟೆಗಿಂತ ಕಡಿಮೆ ನಿದ್ದೆಯಾಗಿದ್ದರೆ ಸೋಲೋ ಬೇಡ. ಕಾಫಿ ಹತ್ತಲು ಅರ್ಧ ಗಂಟೆ ಬೇಕು, ನಿದ್ದೆಯ ಸಾಲವನ್ನಂತೂ ಅದು ತೀರಿಸಲ್ಲ. ಮಧ್ಯಾಹ್ನ ಮಲಗಿದರೆ 20 ನಿಮಿಷಕ್ಕೆ ಎದ್ದುಬಿಡು, ಮಂಪರು ಹರಿಯುವವರೆಗೆ ವಿಮಾನದ ಹತ್ತಿರ ಹೋಗಬೇಡ. ನೆಗಡಿ ಮಾತ್ರೆ ತಿಂದ ದಿನ ಹಾರಾಟವೇ ಬೇಡ.

ಇನ್‌ಸ್ಟ್ರಕ್ಟರ್ ಹತ್ತಿರ ಬೆಳಗಿನ ಸ್ಲಾಟ್ ಕೇಳು. ಹಿಂದಿನ ರಾತ್ರಿ ಕುವೆಂಪುನಗರದ ಅತ್ತೆ ಮನೆಯಲ್ಲೇ ಮಲಗು, ನಾನು ಅವಳಿಗೆ ಹೇಳಿದ್ದೇನೆ.

ಇತಿ,
ನಿನ್ನ ದೊಡ್ಡಪ್ಪ